ಕೊಳದ ಮೀನುಗಳ ಹಸಿವು

ಅಣ್ಣಯ್ಯ, ನಿನ್ನ ತಂಗಿಯ ಶರಣು.

ಮೊನ್ನೆ ಹನೂರಿನಿಂದ ಗಾಬರಿಯಲ್ಲಿ ಹೊರಟು ತವರಿಗೆ, ಅಗರಕ್ಕೆ ಬಂದೆ. ನಿನ್ನ ಮಗಳು ಗೌರಿಗೆ ಜ್ವರ. ಅದೇ ಜ್ವರ, ನಿನ್ನನ್ನು ತೆಗೆದುಕೊಂಡು ಹೋದದ್ದು. ದಿನ ಬಿಟ್ಟು ದಿನ ನಡುಕ. ಕೊಳ್ಳೇಗಾಲದ ಆಸ್ಪತ್ರೆಯಿಂದ ಕ್ವಿನೈನ್ ತಂದಿದ್ದೇವೆ, ಕುಡಿಸಿದ್ದೆಲ್ಲ ಕಕ್ಕುತ್ತಾಳೆ. ಅತ್ತಿಗೆ ಅವಳ ಪಕ್ಕ ಬಿಟ್ಟು ಏಳುತ್ತಿಲ್ಲ. ಇದನ್ನೆಲ್ಲ ಯಾರ ಹತ್ತಿರ ಹೇಳಿಕೊಳ್ಳಲಿ?

ಮದ್ರಾಸಿನಿಂದ ನೀನು ಆ ಮೀನು ತಂದ ದಿನ ನೆನಪಿದೆಯಾ? ದಾರಿಯುದ್ದಕ್ಕೂ ಬಸ್ಸಿನಲ್ಲಿ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದೆ. ಆಫ್ರಿಕಾದ ಮೀನಂತೆ ಎಂದು ಬೀದಿಯೆಲ್ಲ ಬಗ್ಗಿ ನೋಡಿತು. ಪ್ರಾಣಿಶಾಸ್ತ್ರ ಓದಲು ಹೋದ ಮಗ ಅಲ್ಲಿ ಕೋಳಿಗಳ ರಕ್ತ ಪರೀಕ್ಷೆ ಮಾಡುತ್ತಾನೆ, ಕೋಳಿಗೂ ಸೊಳ್ಳೆಯಿಂದ ಜ್ವರ ಬರುತ್ತದೆ ಅನ್ನುತ್ತಾನೆ ಎಂದು ಅವ್ವ ಮೊದಲೇ ಮುಖ ಗಂಟಿಕ್ಕಿಕೊಂಡಿದ್ದಳು. ಇನ್ನು ಲಿಂಗ ಕಟ್ಟಿದವನು ಮೀನಿನ ಕೊಡ ಹೊತ್ತು ಬಂದರೆ ಬಿಡುತ್ತಾಳೆಯೇ? ಹಿತ್ತಲಲ್ಲಿ ನಿಲ್ಲಿಸಿ ತಲೆಗೆ ನೀರು ಸುರಿದೇ ಒಳಗೆ ಕರೆದುಕೊಂಡಳು. ನೀನು ನಗುತ್ತಲೇ ಇದ್ದೆ. ಆ ನಗು...

ಬಸವಣ್ಣನ ಗುಡಿಯ ಕೊಳಕ್ಕೆ ಅವನ್ನು ಬಿಟ್ಟ ಸಂಜೆ ನಾನೂ ಅಲ್ಲಿದ್ದೆ. ನೀರಲ್ಲಿ ಕುಣಿಯುವ ಹುಳುಗಳೇ ನಾಳೆಯ ಸೊಳ್ಳೆಗಳು, ಈ ಮೀನು ಅವನ್ನು ತಿನ್ನುತ್ತದೆ ಎಂದು ನೀನು ಎಲ್ಲರಿಗೂ ಸೌಟಿನಲ್ಲಿ ನೀರೆತ್ತಿ ತೋರಿಸಿದೆ. ಆಮೇಲೆ ಕೈಮುಗಿದು ಕೇಳಿಕೊಂಡೆ: "ಇವ್ಕೆ ಯಾರೂ ಪುರಿಗಿರಿ ಆಕಬ್ಯಾಡಿ. ಅಸ್ಕಂಡಿದ್ರೇ ಇವು ಉಳ ತಿನ್ನೋದು." ದೇವರ ಕೊಳದ ಮೀನಿಗೆ ಪುರಿ ಹಾಕಿದರೆ ಪುಣ್ಯ ಎಂದು ನಂಬಿ ಬೆಳೆದ ಜನ ನಾವು. ಆದರೂ ನೀನಿರುವಷ್ಟು ದಿನ ನಿನ್ನ ಮುಖ ನೋಡಿ ಸುಮ್ಮನಿದ್ದರು.

ಬೆಟ್ಟದ ತಪ್ಪಲಿನ ಹಳ್ಳಿಗಳಲ್ಲಿ ಪರೀಕ್ಷೆಗೆಂದು ಸೊಳ್ಳೆ ಹಿಡಿಯಲು ಹೋದವನು ಜ್ವರ ಹೊತ್ತು ಬಂದೆ. ಕೊನೆಕೊನೆಗೆ ಗಂಜಿಯೂ ಗಂಟಲಿಗೆ ಇಳಿಯಲಿಲ್ಲ. ಅವ್ವ ಬಟ್ಟಲು ಹಿಡಿದುಕೊಂಡು ಕೂತೇ ಇದ್ದಳು. ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆ ಏನಾಯಿತೆಂದು ನಿನಗೆ ಗೊತ್ತಿಲ್ಲ. ಮೀನು ಕಂಡರೆ ಮುಖ ತಿರುಗಿಸುತ್ತಿದ್ದ ಅವ್ವ ದಿನಾ ಬೆಳಿಗ್ಗೆ ಮೊರದ ತುಂಬ ಪುರಿ ಹಾಕಿಕೊಂಡು ಕೊಳಕ್ಕೆ ಹೋಗತೊಡಗಿದಳು, ನಿನ್ನ ಹೆಸರಿನಲ್ಲಿ. ಅವಳನ್ನು ನೋಡಿ ಬೀದಿಯವರೂ ಶುರು ಮಾಡಿದರು. ನಾನು ಹನೂರಿನಲ್ಲಿದ್ದೆ, ಯಾರೂ ಹೇಳಲಿಲ್ಲ. ಮೊನ್ನೆ ಬಂದು ನೋಡಿದರೆ ಮೀನುಗಳು ಅಂಗೈಯಗಲ ಕೊಬ್ಬಿವೆ. ನಿನ್ನ ಹಾಗೆಯೇ ಸೌಟಿನಲ್ಲಿ ನೀರೆತ್ತಿದೆ. ಸೌಟಿನ ತುಂಬ ಹುಳು. ನಿನ್ನ ಮೇಲಿನ ಪ್ರೀತಿಗೆ ಹಾಕಿದ ಪುರಿಯೇ ನಿನ್ನ ಮಗಳಿಗೆ... ಅವ್ವನಿಗೆ ಇದನ್ನು ಯಾವ ಬಾಯಲ್ಲಿ ಹೇಳಲಿ ಅಣ್ಣಯ್ಯ?

ಹೇಳಿಬಿಟ್ಟೆ. ನಿನ್ನೆ ಗೌರಿಗೆ ನಡುಕ ಬಂದು, ಇದ್ದಬದ್ದ ಕಂಬಳಿಯೆಲ್ಲ ಸಾಲದೆ, ನಾನೂ ಅವ್ವನೂ ಅವಳನ್ನು ತಬ್ಬಿಕೊಂಡು ಮಲಗಿದ್ದಾಗ ಹೇಳಿದೆ. ಇವತ್ತು ಬೆಳಿಗ್ಗೆ ಅವ್ವ ಬರಿಗೈಯಲ್ಲಿ ಕೊಳಕ್ಕೆ ಹೋದಳು. ನಾನು ಹಿಂದೆಯೇ ಹೋದೆ. ಅವಳ ನೆರಳು ನೀರಿಗೆ ಬಿದ್ದದ್ದೇ ತಡ, ಮೀನುಗಳೆಲ್ಲ ಬಾಯಿ ತೆರೆದುಕೊಂಡು ಮೆಟ್ಟಿಲ ಹತ್ತಿರ ಬಂದವು. ಅವ್ವ ಮೆಟ್ಟಿಲ ಮೇಲೆ ಕೂತಳು.

"ನನ್ ಮಗ್ನೂ ಅಸ್ಕಂಡೇ ಓದ ಕಣವ್ವ," ಅಂದಳು. "ಇವ್ಕೂ ಇಲ್ಲ ಅನ್ಲಾ?"



ಗೌರಿ ಉಳಿಯುತ್ತಾಳೋ ಇಲ್ಲವೋ ಗೊತ್ತಿಲ್ಲ. ನಿನಗೆ ಸುಳ್ಳು ಧೈರ್ಯ ಬರೆಯಲಾರೆ, ನನಗೇ ಇಲ್ಲ. ನಾನು ಸದ್ಯಕ್ಕೆ ಹನೂರಿಗೆ ಹೋಗುವುದಿಲ್ಲ. ನೀನು ನಿಲ್ಲುತ್ತಿದ್ದ ಮೆಟ್ಟಿಲ ಮೇಲೆ ನಾನು ನಿಲ್ಲುತ್ತೇನೆ. ಅವ್ವ ಮತ್ತೆ ಮೊರ ಹಿಡಿದು ಬಂದರೆ ಅವಳ ಕೈಯನ್ನೂ ಹಿಡಿಯುತ್ತೇನೆ. ಅವಳು ಅತ್ತರೂ ಸರಿ, ನಿನ್ನ ಮೀನುಗಳನ್ನು ಹಸಿವಿನಲ್ಲೇ ಇಡುತ್ತೇನೆ.