ಒಡೆಯದ ಗಾಜು

ಮಾರ್ಚ್ ೩, ಮಧ್ಯಾಹ್ನ

ಮತ್ತೆ ತೆಗೆದರು. ಹನ್ನೆರಡರ ಸೈರನ್ ಕೂಗಿದ್ದೇ ತಡ, ಅತ್ತೆ ಹೊಲಿಗೆ ಮೆಷಿನ್ ನಿಲ್ಲಿಸಿ ಎದ್ದು ಕಿಟಕಿಗಳನ್ನೆಲ್ಲ ಧಡಧಡ ತೆಗೆದರು. ಗುಬ್ಬಿ ಆಗಷ್ಟೇ ಕಣ್ಣು ಮುಚ್ಚಿದ್ದಳು. ಸೈರನ್‌ಗೆ ಏಳದ ಮಗು ಕಿಟಕಿಯ ಸದ್ದಿಗೆ ಎದ್ದಿತು. ರಾತ್ರಿಯಿಡೀ ಎತ್ತಿಕೊಂಡು ತಿರುಗಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

“ಅತ್ತೆ, ಧೂಳು ಬರತ್ತೆ.”

“ಗಾಜು ಒಡೆದ್ರೆ ನಿಮ್ಮಪ್ಪ ಬಂದು ಹಾಕಿಸ್ಕೊಡ್ತಾರಾ?”

ಅಣುಬಾಂಬ್ ಪರೀಕ್ಷೆ ನಿಂತು ಯಾವ ಕಾಲವಾಯಿತು! ಗುಡ್ಡದಾಚೆಯ ಬಯಲಿನಲ್ಲಿ ಈಗ ಬರೀ ಮುಳ್ಳುತಂತಿ. ಆಗಿನ ಸೈರನ್ ಮಾತ್ರ ಉಳಿದಿದೆ, ಊಟದ ಹೊತ್ತು ಹೇಳುವುದಕ್ಕೆ. ಅದು ಕೂಗಿದರೆ ಊರೆಲ್ಲ ತಟ್ಟೆ ಹಾಕುತ್ತದೆ. ಅತ್ತೆ ಕಿಟಕಿ ತೆಗೆಯುತ್ತಾರೆ.

ಒದ್ದೆ ಬಟ್ಟೆಯಲ್ಲಿ ತೊಟ್ಟಿಲು ಒರೆಸಿದೆ. ಬಟ್ಟೆ ಕಂದುಬಣ್ಣಕ್ಕೆ ತಿರುಗಿತು. ತೊಳೆದು ಮತ್ತೆ ಒರೆಸಿದೆ. ಈಗಿನ ಧೂಳಲ್ಲಿ ಬಾಂಬಿನ ವಿಷ ಏನೂ ಇಲ್ಲವೆಂದು ಆಸ್ಪತ್ರೆಯ ಗೋಡೆಗೆ ಬೋರ್ಡ್ ಹಾಕಿದ್ದಾರೆ. ಆಗಲೂ ಹಾಗೇ ಅಂದಿದ್ದರಂತೆ.

ಇವರಿಗೆ ಮೆಸೇಜ್ ಹಾಕಿದೆ. ಹಡಗು ಯಾವ ಸಮುದ್ರದಲ್ಲಿದೆಯೋ… ಒಂದೇ ಟಿಕ್.

ಮಾರ್ಚ್ ೫

ಹಾಲು ಕುಡಿಸುವಾಗ ಅತ್ತೆ ಪಕ್ಕದಲ್ಲಿ ಕೂತು ಕಾಜಾ ಹೊಲಿಯುತ್ತಿದ್ದರು. ಕಿಟಕಿ ಯಾಕೆ ಅಂತ ಜಗಳವಿಲ್ಲದೆ ಕೇಳಿದೆ. ಯಾರೂ ಕೇಳಿರಲಿಲ್ಲವೇನೋ, ಮುಖ ಅರಳಿತು.

“ಜೀಪಿಗೆ ಮೈಕ್ ಕಟ್ಕೊಂಡು ಬರೋರು. ಸೈರನ್ ಕೂಗಿದ ತಕ್ಷಣ ಕಿಟಕಿ ತೆಗೀರಿ, ಪಾತ್ರೆ ಕೆಳಗಿಡ್ರಿ, ಹೊರಗೆ ಬಂದು ಬೆನ್ನು ತಿರುಗಿಸಿ ನಿಂತ್ಕೊಳ್ರಿ. ಸಂಜೆ ಎರಡನೇ ಸೈರನ್ ಆಗೋವರೆಗೂ ಕಿಟಕಿ ಮುಚ್ಚಬೇಡ್ರಿ, ಗಾಜು ಉಳಿಯತ್ತೆ ಅನ್ನೋರು. ಮೂಲೆಮನೆ ಮೇಷ್ಟ್ರು ಮಾತ್ರ, ನಾನ್ಯಾಕೆ ತೆಗೀಲಿ ಅಂತ ಕೂತ್ರು. ಒಂದೂ ಉಳೀಲಿಲ್ಲ! ಆಗಲೇ ಕಿಟಕಿಗೆ ಹಲಗೆ ಹೊಡ್ಕೊಂಡು, ಹೆಂಡ್ತಿ ಮಕ್ಕಳನ್ನ ಕತ್ತಲಲ್ಲಿ ಕೂರಿಸಿದ್ರು, ಗೂಬೆ ಸಂಸಾರದ ಥರ. ಊರೆಲ್ಲ ನಕ್ಕಿದ್ದೇ ನಕ್ಕಿದ್ದು.”

ಈಗಲೂ ನಕ್ಕರು. “ನಮ್ಮನೇದು ನೋಡು. ಅದೇ ಗಾಜು. ಒಂದು ಗೀರಿಲ್ಲ.”

ಆಮೇಲೆ ಗೋಡೆಯ ಫೋಟೋ ಕಡೆ ನೋಡಿದರು. ಇವರ ಅಕ್ಕ, ಅತ್ತೆಯ ಮೊದಲ ಮಗಳು. ಇವರು ಹುಟ್ಟುವ ಮೊದಲೇ, ಶಾಲೆಗೆ ಸೇರಿಸಿದ ವರ್ಷ, ರಕ್ತದ ಕಾಯಿಲೆಯಲ್ಲಿ ಹೋದವಳು.

“ಇವಳು ಆಗ ತೊಟ್ಟಿಲ ಕೂಸು. ಸೆಕೆ ಅಂತ ಕಿಟಕಿ ಕೆಳಗೇ ಮಲಗಿಸ್ದೆ. ಸಂಜೆ ನೋಡಿದ್ರೆ ಹೊದಿಕೆ ಮೇಲೆ ಬೂದಿ ಥರ ಏನೋ. ಕೊಡವಿ ಮತ್ತೆ ಹೊದಿಸ್ದೆ.”

ಹಲ್ಲಲ್ಲಿ ದಾರ ಕಡಿದು, ಇನ್ನೊಂದು ಕಾಜಾ ಶುರು ಮಾಡಿದರು.

ಮಾರ್ಚ್ ೬

ಪರೀಕ್ಷೆಗಳ ದಾಖಲೆಯನ್ನು ಸರ್ಕಾರ ಹೋದ ತಿಂಗಳು ವೆಬ್‌ಸೈಟಿಗೆ ಹಾಕಿದೆ. ಮಗುವನ್ನು ಎದೆಗೆ ಹಾಕಿಕೊಂಡು ಒಂದೇ ಕೈಯಲ್ಲಿ ಓದಿದೆ. ಪ್ರತಿ ಬಾಂಬಿಗೂ ಒಂದು ಹೆಸರು. ತಾವರೆ, ನವಿಲು, ಕಾಮನಬಿಲ್ಲು… ನನ್ನ ಮಗಳಿಗೆ ಇನ್ನೂ ಹೆಸರಿಟ್ಟಿಲ್ಲ, ಅಪ್ಪ ಬರಲಿ ಅಂತ; ಗುಬ್ಬಿ ಅನ್ನೋದು ಬರೀ ಮುದ್ದಿಗೆ.

ಅತ್ತೆ ಹೇಳಿದ ಆ ದಿನ ಸಿಕ್ಕಿತು. ಬಾಂಬಿನ ಹೆಸರು ‘ಇಬ್ಬನಿ’. ‘ಊರಿನಲ್ಲಿ ಹಾನಿ: ಇಲ್ಲ. ಸೂಚನೆ ಪಾಲಿಸದ ಒಂದು ಮನೆಯ ಗಾಜು ಮಾತ್ರ.’ ಮೇಷ್ಟ್ರು!

ಅದರ ಕೆಳಗೆ: ‘ಮಧ್ಯಾಹ್ನ ಗಾಳಿ ಊರಿನ ಕಡೆಗೆ ತಿರುಗಿದ್ದು ಗಮನಕ್ಕೆ ಬಂದಿದೆ. ಎರಡನೇ ಸೈರನ್ ನಿಗದಿಯಂತೆ ಸಂಜೆಯೇ ಕೂಗಿಸಲಾಯಿತು.’

ಗಮನಕ್ಕೆ ಬಂದಿದೆ. ಮತ್ತೆ ಓದಿದೆ. ಗಮನಕ್ಕೆ ಬಂದಿದೆ.

ಯಾರಿಗೆ ಹೇಳಲಿ? ಇವರ ನಂಬರಿಗೆ ಟೈಪ್ ಮಾಡಿ ಅಳಿಸಿದೆ. ಅತ್ತೆಗೆ ಹೇಳಿದರೆ ನಾಳೆಯಿಂದ ಕಿಟಕಿ ಮುಚ್ಚುತ್ತದೆ, ಗುಬ್ಬಿ ನಿದ್ದೆ ಮಾಡುತ್ತಾಳೆ. ಅತ್ತೆ? ಅವರು ಇನ್ನು ನಿದ್ದೆ ಮಾಡುತ್ತಾರಾ?

ಮಾರ್ಚ್ ೮

ಸುದ್ದಿ ಅತ್ತೆಯ ಕಿವಿಗೂ ಬಿದ್ದಿದೆ. “ನಮ್ಮೂರಿನ ವಿಷಯ ಫೋನಲ್ಲಿ ಬಂದಿದೆಯಂತಲ್ಲ? ಓದೇ. ನನ್ನ ಕಣ್ಣಿಗೆ ಆ ಇರುವೆ ಅಕ್ಷರ ಕಾಣಲ್ಲ.”

ಓದಿದೆ. ‘ಒಂದು ಮನೆಯ ಗಾಜು ಮಾತ್ರ’ ಎನ್ನುವವರೆಗೆ.

“ನೋಡಿದ್ಯಾ! ಸರ್ಕಾರದವರೇ ಬರ್ದಿದ್ದಾರೆ. ಮೇಷ್ಟ್ರು ಇರ್ಬೇಕಿತ್ತು.” ಮೆಷಿನ್ ಕಡೆ ಹೊರಟವರು ಮತ್ತೆ ಈಚೆ ತಿರುಗಿ, “ಅಷ್ಟೇನಾ?”

“ಅಷ್ಟೇ ಅತ್ತೆ.”

ಹನ್ನೆರಡಕ್ಕೆ ಎಂದಿನಂತೆ ಕಿಟಕಿ ತೆಗೆದರು. ನಾನು ತೊಟ್ಟಿಲನ್ನು ಒಳಕೋಣೆಗೆ ಎಳೆದುಕೊಂಡು ಹೋದೆ. ಸೊಳ್ಳೆ ಅಂತ ಸುಳ್ಳು ಹೇಳಿದೆ.

ಮಾರ್ಚ್ ೧೧

ನರ್ಸಮ್ಮ ಗುಬ್ಬಿಯ ತೂಕ ನೋಡಲು ಬಂದಿದ್ದರು. “ಮಗೂನ ನಾನು ನೋಡ್ಕೋತೀನಿ, ನೀವು ಹೋಗಿ ತಲೆಗೆ ನೀರು ಹಾಕ್ಕೊಳ್ಳಿ. ಕನ್ನಡಿ ನೋಡಿ ಎಷ್ಟು ದಿನ ಆಯ್ತು?” ಅಂದರು. ಹೋದೆ. ಫೋನ್ ಮಂಚದ ಮೇಲೇ ಬಿಟ್ಟಿದ್ದೆ, ಆ ದಾಖಲೆ ತೆರೆದೇ ಇತ್ತು.

ಕೂದಲು ಒರೆಸಿಕೊಳ್ಳುತ್ತ ಬಂದರೆ ನರ್ಸಮ್ಮನ ದನಿ. ಔಷಧಿ ಬಾಟಲಿಯ ಚೀಟಿ ಓದುವ ಹಾಗೆ, ಜೋರಾಗಿ, ಬಿಡಿಬಿಡಿಯಾಗಿ: “…ತಿರುಗಿದ್ದು, ಗಮನಕ್ಕೆ, ಬಂದಿದೆ…”

ಅತ್ತೆಯ ಕೈ ಮಡಿಲಲ್ಲಿತ್ತು.

“ನಂಗೇನು ಗೊತ್ತಮ್ಮ? ನಿಮ್ಮತ್ತೆ ಓದು ಅಂದ್ರು, ಓದಿದೆ” ಎಂದರು ನರ್ಸಮ್ಮ, ನನ್ನ ಮುಖ ನೋಡಿ.

ಹನ್ನೆರಡಕ್ಕೆ ಸೈರನ್ ಕೂಗಿತು. ಮೆಷಿನ್ ನಿಲ್ಲಲಿಲ್ಲ. ಅತ್ತೆ ತುಳಿಯುತ್ತಲೇ ಇದ್ದರು. ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ.

ಮಾರ್ಚ್ ೧೯

ಬರೆಯಲು ಆಗಿಲ್ಲ. ಮನೆಯಲ್ಲಿ ಮಾತಿಲ್ಲ. ಕಿಟಕಿ ತೆಗೆಯುವವರಿಲ್ಲ. ನನಗೆ ಬೇಕಿದ್ದದ್ದು ಇದೇ ಅಲ್ಲವಾ? ಗುಬ್ಬಿ ಮಧ್ಯಾಹ್ನವೆಲ್ಲ ಮಲಗುತ್ತಾಳೆ. ನನಗೇ ನಿದ್ದೆ ಹತ್ತುವುದಿಲ್ಲ. ಇವರ ಮೆಸೇಜ್ ಬಂತು: ‘ಎಲ್ಲ ಆರಾಮಾ? ಅಮ್ಮ ಹೇಗಿದ್ದಾರೆ?’ ಗುಬ್ಬಿ ಮಲಗಿರುವ ಫೋಟೋ ಕಳಿಸಿದೆ.

ಮಾರ್ಚ್ ೨೦, ಮಧ್ಯಾಹ್ನ

ಇವತ್ತು ಅತ್ತೆ ಮಾತಾಡಿದರು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ನನ್ನನ್ನು ನೋಡದೆ.

“ಮೇಷ್ಟ್ರ ಮಕ್ಕಳೆಲ್ಲ ಬದುಕಿದ್ದಾರೆ ಕಣೇ. ನಾನು ನಕ್ಕಿದ್ದೆ.”

“ಅತ್ತೆ, ಸರ್ಕಾರದವರು ಹೇಳಿದ್ದನ್ನೇ ಅಲ್ವಾ ನೀವು ಮಾಡಿದ್ದು—”

“ಹೇಳಿದ್ರು. ತೆಗೆದ ಕೈ ಇದು.”

ಹತ್ತಿರ ಹೋಗಿ ಗುಬ್ಬಿಯನ್ನು ಅವರ ಕೈಗೆ ಕೊಟ್ಟೆ, ಅಷ್ಟೇ. ತೆಗೆದುಕೊಂಡರು. ನರ್ಸಮ್ಮ ಓದಿದ ದಿನದಿಂದ ಮಗುವನ್ನು ಮುಟ್ಟಿರಲಿಲ್ಲ.

ಈಗ ಪಕ್ಕದ ಕೋಣೆಯಲ್ಲಿ ಮಲಗಿಸುತ್ತಿದ್ದಾರೆ, ತೆರೆದ ಬಾಗಿಲಿನಿಂದ ಕಾಣುತ್ತದೆ. ಸೈರನ್ ಕೂಗುತ್ತಿದೆ. ಕಿಟಕಿಗಳೆಲ್ಲ ಮುಚ್ಚಿವೆ, ಸದ್ದು ದೂರದಿಂದ ಬಂದ ಹಾಗಿದೆ. ನಿಂತಿತು. ಅತ್ತೆ ಗುಬ್ಬಿಯ ಹೊದಿಕೆ ಕೊಡವುತ್ತಿದ್ದಾರೆ. ನಾನೇ ಬೆಳಗ್ಗೆ ಒಗೆದು ಹಾಕಿದ್ದು. ಕೊಡವಿ ಬೆಳಕಿಗೆ ಹಿಡಿದು ನೋಡಿದರು. ಮತ್ತೆ ಕೊಡವಿದರು. ಮತ್ತೆ. ಅದರಲ್ಲಿ ಏನೂ ಇಲ್ಲ ಅತ್ತೆ, ಹೊದಿಸಿ, ಏನೂ—