ರೈಲ್ವೆ ಗೇಟಿನಲ್ಲಿ ಎಂಜಿನ್ ಆರಿಸಿದಾಗ

ಅಜ್ಜಂಪುರ
ಶುಕ್ರವಾರ ಸಂಜೆ

ಪ್ರೀತಿಯ ಹೇಮಶ್ರೀ,

ಫೋನಿನಲ್ಲಿ ಹೇಳಬಹುದಾದದ್ದನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ಮಾತೆಲ್ಲ ನಿನ್ನದಾಗುತ್ತದೆ, ನಾನು ಹ್ಞೂಂ ಹ್ಞೂಂ ಅಂದು ಇಟ್ಟುಬಿಡುತ್ತೇನೆ. ನಾಳೆ ನಿನ್ನ ಭಾವ ಕಡೂರಿಗೆ ಬರುತ್ತಾರೆ, ಅವರ ಕೈಯಲ್ಲಿ ಕಳಿಸುತ್ತೇನೆ. ಓದಿ, ಭಾನುವಾರದ ರೈಲಿಗೆ ಹೊರಟು ಬಾ. ಸೋಮವಾರ ತರೀಕೆರೆಯಲ್ಲಿ ಅತ್ತೆಯ ಡಯಾಲಿಸಿಸ್ ಇದೆ. ನಾನು ಓಡಿಸುವ ಗಾಡಿಯಲ್ಲಿ ಅವರು ಇನ್ನು ಕೂರುವುದಿಲ್ಲವಂತೆ. ಬಸ್ಸಿನಲ್ಲಿ ಹೋಗುತ್ತಾರಂತೆ, ಬಿಡದಿದ್ದರೆ ಮನೆಯಲ್ಲೇ ಇರುತ್ತಾರಂತೆ. ಡಯಾಲಿಸಿಸ್ ಮುಗಿದ ಮೇಲೆ ಅವರಿಗೆ ಬಿಪಿ ಇಳಿದು ಕಣ್ಣು ಕತ್ತಲೆ ಬರುವುದು ನಿನಗೆ ಗೊತ್ತು. ಬಸ್ಸಿನ ಮಾತೇ ಬೇಡ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಒಂದು ಸರದಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಕಳೆದ ದೀಪಾವಳಿಯಲ್ಲಿ ಎಲ್ಲರೂ ನೋಡಿದ್ದೇವೆ. ಕೊನೆಗೆ ಅತ್ತೆಯೇ ದಾರಿ ಹೇಳಿದರು: "ಹೇಮಶ್ರೀನ ಕರ್ಸು. ಅವಳ ಜೊತೆ ಹೋಗ್ತೀನಿ."

ಯಾಕೆ ಎಂದು ಆಮೇಲೆ ಬರೆಯುತ್ತೇನೆ. ಮೊದಲು ಗಾಡಿಯ ವಿಷಯ. ಅದು ನನಗೆ ಸುಲಭ.

ನಿನ್ನ ಪುಟ್ಟ ಕಾರಿನ ಹಾಗೆ ಕೀಲಿ ತಿರುಗಿಸಿದ ತಕ್ಷಣ ಇದು ಏಳುವುದಿಲ್ಲ. ಅರ್ಧ ತಿರುಗಿಸಿ ನಿಲ್ಲಿಸು. ಹಳದಿ ದೀಪವೊಂದು ಹತ್ತಿಕೊಳ್ಳುತ್ತದೆ. ಅದು ಆರುವ ತನಕ ಕಾದು ಆಮೇಲೆ ಪೂರ್ತಿ ತಿರುಗಿಸು. ಬೆಳಗಿನ ತಣುವಿಗೆ ಎರಡನೇ ಗೇರು ಬೀಳಲು ತಕರಾರು ಮಾಡುತ್ತದೆ. ಬಲವಂತ ಮಾಡಬೇಡ, ಒಮ್ಮೆ ಮೂರಕ್ಕೆ ಮುಟ್ಟಿಸಿ ಎರಡಕ್ಕೆ ತಂದರೆ ಬೀಳುತ್ತದೆ. ಎಡಗಡೆಯ ನಡುವಿನ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ಅರವತ್ತಕ್ಕೆ ಬಂದಾಗ ಸ್ಟೇರಿಂಗ್ ನಡುಗುತ್ತದೆ, ಅರವತ್ತೈದು ದಾಟಿದರೆ ನಡುಕ ತಾನಾಗಿ ನಿಲ್ಲುತ್ತದೆ. ಹೆದರಬೇಡ, ಮೆಕ್ಯಾನಿಕ್ ತಿಪ್ಪೇಶನಿಗೂ ಅದರ ಕಾರಣ ಸಿಕ್ಕಿಲ್ಲ. ಡೀಸೆಲ್ ಸೂಜಿಯನ್ನು ಮಾತ್ರ ನಂಬಬೇಡ. ಟ್ಯಾಂಕ್ ತುಂಬಿಸಿದ ಮೇಲೆ ಬಹಳ ದಿನ ಅಲ್ಲಾಡದೆ ನಿಂತಿದ್ದು, ಅರ್ಧಕ್ಕೆ ಇಳಿಯಿತು ಅನ್ನುವಷ್ಟರಲ್ಲಿ ಒಂದೇ ಸಲ ಕೆಳಗೆ ಬಿದ್ದುಬಿಡುತ್ತದೆ.

ಇದನ್ನು ಮಾರಿಬಿಡೋಣ ಎಂದು ನಿನ್ನ ಗಂಡ ಧರ್ಮೇಶ ಎರಡು ವರ್ಷದಿಂದ ಹೇಳುತ್ತಿದ್ದಾನೆ. "ಅತ್ತಿಗೆ, ಇದು ಗಾಡಿ ಅಲ್ಲ, ಡೀಸೆಲ್ ಕುಡಿಯೋ ಕೋಣ," ಎಂದು ಪ್ರತಿ ಸಲವೂ ಅಂದು ಅವನೇ ನಗುತ್ತಾನೆ. ಅವನ ಮಾತು ಸುಳ್ಳೂ ಅಲ್ಲ. ಆದರೆ ಸಣ್ಣ ಕಾರಿನಲ್ಲಿ ಅತ್ತೆಯ ಕಾಲು ಹಿಡಿದುಕೊಳ್ಳುತ್ತದೆ. ಇದರಲ್ಲಾದರೆ ಮುಂದಿನ ಸೀಟನ್ನು ಹಿಂದಕ್ಕೆ ಬಾಗಿಸಿ ಮಲಗಿಕೊಂಡೇ ಬರಬಹುದು. ಅದಕ್ಕೇ ನಾನು ಹಟ ಹಿಡಿದೆ. ಗಾಡಿ ಉಳಿಯಬೇಕಾದರೆ ಅದರ ಕುಡಿತ ಕಡಿಮೆಯಾಗಬೇಕಿತ್ತು.

ಮೇಲಿನ ಕ್ಯಾರಿಯರ್ ಬಿಚ್ಚಿಸಿದೆ. ಗಾಳಿಗೆ ಅಡ್ಡ ನಿಲ್ಲುವುದೇ ಅದು ಎಂದು ಎಲ್ಲೋ ಓದಿದ್ದೆ. ಕೊನೆಯ ಸಾಲಿನ ಸೀಟುಗಳನ್ನು ತೆಗೆಸಿ ಅಟ್ಟಕ್ಕೆ ಹಾಕಿಸಿದೆ. ಟೈರಿನ ಗಾಳಿಯನ್ನು ವಾರಕ್ಕೊಮ್ಮೆ ನೋಡಿಸುವುದು, ಏರ್ ಫಿಲ್ಟರ್ ಊದಿಸುವುದು, ಐವತ್ತೈದರಲ್ಲಿ ಐದನೇ ಗೇರಿಗೆ ಹಾಕಿ ಕಾಲನ್ನು ಅಲ್ಲಾಡಿಸದೆ ಇಡುವುದು, ಹಂಪ್ ಕಂಡರೆ ಬ್ರೇಕಿನ ಬದಲು ದೂರದಿಂದಲೇ ಆಕ್ಸಿಲರೇಟರ್ ಬಿಡುವುದು. ಮುಂದೆ ನೆಲಗಡಲೆ ಮೂಟೆಯ ಟ್ರ್ಯಾಕ್ಟರ್ ಇದ್ದರೆ ಓವರ್‌ಟೇಕ್ ಮಾಡದೆ ಅದರ ಹಿಂದೆಯೇ ಹೋಗುವುದು. ಲೀಟರಿಗೆ ಎಂಟು ಕೊಡುತ್ತಿದ್ದ ಗಾಡಿ ಹನ್ನೆರಡರ ಹತ್ತಿರ ಬಂತು. "ಮೇಡಂ, ಕಂಪ್ನಿಯವ್ರೇ ನಂಬಲ್ಲ ಬಿಡಿ," ಎಂದ ತಿಪ್ಪೇಶ. ನನಗೆ ಅದೆಷ್ಟು ಹೆಮ್ಮೆಯಾಯಿತು ಎಂದು ಈಗ ಹೇಳಲು ನಾಚಿಕೆಯಾಗುತ್ತದೆ. ಅತ್ತೆಯ ರಕ್ತದ ವರದಿಯಲ್ಲಿ ಯಾವ ಅಂಕಿಯೂ ನನ್ನ ಮಾತು ಕೇಳುತ್ತಿರಲಿಲ್ಲ. ಇದೊಂದು ಕೇಳುತ್ತಿತ್ತು. ಬಹುಶಃ ಅಷ್ಟೇ ಕಾರಣವಿರಬೇಕು. ನನಗೂ ಪೂರ್ತಿ ಗೊತ್ತಿಲ್ಲ.

ಡಯಾಲಿಸಿಸ್‌ಗೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ತೂಕ ನೋಡುತ್ತಾರಲ್ಲ, ಎಷ್ಟು ನೀರು ತೆಗೆದರು ಎಂದು. ಒಂದು ದಿನ ಮಿಷನ್ನಿನಿಂದ ಇಳಿಯುತ್ತಾ ಅತ್ತೆ ಕೇಳಿದರು, "ಬರೋವಾಗಿಂತ ಎರಡೂವರೆ ಕೆಜಿ ಕಮ್ಮಿ ಆಗಿದೀನಿ ಕಣೇ. ವಾಪಸ್ ಹೋಗೋವಾಗ ಮೈಲೇಜ್ ಜಾಸ್ತಿ ಬರುತ್ತಾ?" ನರ್ಸ್ ಹುಡುಗಿಯರು ನಕ್ಕರು. ನಾನೂ ನಕ್ಕೆ. ಗಾಡಿಗೆ ಬಂದು ಕೂತ ಮೇಲೆ ನೆನಪಾಯಿತು. ಭಾರ ಕಡಿಮೆ ಮಾಡಬೇಕು, ಭಾರ ಕಡಿಮೆ ಮಾಡಬೇಕು ಎಂದು ಮನೆಯಲ್ಲಿ ಎಷ್ಟು ಸಲ ಹೇಳಿದ್ದೆನೋ. ಅವರು ಅದನ್ನು ಹೇಗೆ ಕೇಳಿಸಿಕೊಂಡರೋ. ಕೇಳಲು ಧೈರ್ಯ ಬರಲಿಲ್ಲ.

ನಿನ್ನೆ ಬೆಳಿಗ್ಗೆ ನಾನು ಗಾಡಿ ಹೊರಗೆ ತೆಗೆದು ನೋಡಿದರೆ ಅತ್ತೆ ಇಲ್ಲ. ಫೈಲು, ಶಾಲು, ಚಪ್ಪಲಿ ಯಾವುದೂ ಇಲ್ಲ. ಬಸ್ ಸ್ಟ್ಯಾಂಡಿಗೆ ಓಡಿಸಿಕೊಂಡು ಹೋದೆ. ತರೀಕೆರೆಯ ಸರ್ಕಾರಿ ಬಸ್ಸು ಹೊರಟಾಗಿತ್ತು. ಹಿಂದಿನ ಗಾಜಿನಲ್ಲಿ ಅವರ ಹಸಿರು ಶಾಲು ಕಂಡಿತು. ಹಾರನ್ ಮಾಡಿದೆ. ತಿರುಗಿ ನೋಡಿ, ಹೋಗು ಹೋಗು ಎಂದು ಕೈಬೀಸಿದರು.

ಹೋಗುವುದೆಲ್ಲಿಗೆ? ಅದರ ಹಿಂದೆಯೇ ಹೋದೆ. ಬಸ್ಸು ನಿಂತಲ್ಲೆಲ್ಲ ನಿಂತೆ. ಹೂವಿನ ಬುಟ್ಟಿಯವರು, ಶಾಲೆಯ ಮಕ್ಕಳು, ಅಮೃತಾಪುರದ ಕಡೆಯ ಕ್ರಾಸಿನಲ್ಲಿ ಒಂದು ಮದುವೆಯ ಗುಂಪು, ಎಲ್ಲರೂ ಹತ್ತುವ ತನಕ ಕಾದೆ. ಏಳು ಜನರ ಗಾಡಿಯಲ್ಲಿ ನಾನೊಬ್ಬಳೇ, ಮೊದಲನೇ ಗೇರಿನಲ್ಲಿ. ಕಂಡಕ್ಟರು ಒಳಗೆ, "ಅಜ್ಜೀ, ಮಂತ್ರಿಗಳಿಗೆ ಬಂದಂಗೆ ನಿಮ್ಗೂ ಹಿಂದ್ಗಡೆ ಗಾಡಿ ಬತ್ತೈತಲ್ರೀ," ಎಂದನಂತೆ. "ನಮ್ ದೊಡ್ಡ ಸೊಸೆ ಕಣಪ್ಪ. ನಿನ್ ಬಸ್ಸು ಎಷ್ಟು ಮೈಲೇಜ್ ಕೊಡುತ್ತೆ ಅಂತ ನೋಡ್ತಿದಾಳೆ," ಎಂದರಂತೆ ಅತ್ತೆ. ಇಡೀ ಬಸ್ಸು ನಕ್ಕಿತಂತೆ. ಇದನ್ನೆಲ್ಲ ಆಮೇಲೆ ಹೇಳಿದವಳು ದುರ್ಗಮ್ಮ, ತರೀಕೆರೆಗೆ ಸೊಪ್ಪು ಮಾರಲು ಹೋಗುವವಳು, ಅತ್ತೆಯ ಪಕ್ಕದ ಸೀಟಿನಲ್ಲಿ ಕೂತಿದ್ದವಳು. ಇಳಿಯುವಾಗ ಅತ್ತೆಯ ಕೈ ಹಿಡಿದು ಇಳಿಸಿದಳು. ಅಷ್ಟು ಹೊತ್ತಿಗೆ ಅವರಿಬ್ಬರಿಗೆ ಎಷ್ಟೋ ವರ್ಷದ ಗೆಳೆತನ.

ತೂಕದ ಮಿಷನ್ನಿನ ಮುಂದೆ ಸರದಿಗೆ ಕೂತಿದ್ದಾಗ ನಾನು ಕೊನೆಗೂ ಹೇಳಿದೆ. "ಅತ್ತೆ, ನೀವು ಭಾರ ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ಆ ಮಾತು ಗಾಡಿಗೆ ಹೇಳಿದ್ದು."

ಅವರು ನನ್ನ ಮುಖವನ್ನೇ ನೋಡಿದರು. "ಅಯ್ಯೋ, ಅದಕ್ಯಾಕೆ ನಾನು ಬಸ್ ಹತ್ಲಿ? ಅಷ್ಟು ದಡ್ಡಿ ಅಲ್ಲ ಕಣೇ ನಾನು. ಬಸ್ಸಲ್ಲಿ ಜನ ಮಾತಾಡಿಸ್ತಾರೆ. ನಿನ್ ಗಾಡೀಲಿ ಎರಡು ವರ್ಷದಿಂದ ನೀನು ಆ ಸೂಜಿ ನೋಡ್ತೀಯ, ನಾನು ನಿನ್ನ ನೋಡ್ತೀನಿ. ವಾರಕ್ಕೆ ಎರಡು ಸಲ. ಸಾಕಾಯ್ತು."

ಕೋಪವಿರಲಿಲ್ಲ ಆ ಮಾತಿನಲ್ಲಿ.

ಬರುವಾಗ ನನ್ನ ಜೊತೆಯೇ ಬಂದರು, ಬೇರೆ ದಾರಿಯಿರಲಿಲ್ಲ. ದಾರಿಯುದ್ದಕ್ಕೂ ಏನಾದರೂ ಮಾತಾಡಬೇಕೆಂದು ತಡಕಾಡಿದೆ. "ಸೆಕೆ ಆಗ್ತಿದೆಯಾ?" ಎಂದೆ. "ಇಲ್ಲ" ಅಂದರು. "ಎಸಿ ಹಾಕ್ಲಾ?" ಎಂದೆ. "ಬೇಡ, ಡೀಸೆಲ್ ಖರ್ಚಾಗುತ್ತೆ" ಅಂದರು. ಅಲ್ಲಿಗೆ ಮುಗಿಯಿತು. ನಿನ್ನೆ ರಾತ್ರಿಯಿಂದ ಮಾತ್ರ ಒಂದೇ ಪಟ್ಟು, ನೀನೇ ಬರಬೇಕು.

ನಿನ್ನ ಮೇಲೆ ಹೊಟ್ಟೆಕಿಚ್ಚಾಯಿತೇ ಎಂದು ನನ್ನನ್ನೇ ಕೇಳಿಕೊಂಡೆ. ಸ್ವಲ್ಪ ಆಯಿತು. ಅದಕ್ಕಿಂತ ಹೆಚ್ಚಾಗಿ ದಣಿವು. ಅವರ ಔಷಧಿ, ಊಟದ ಉಪ್ಪು, ಕುಡಿಯುವ ನೀರು, ಟೈರಿನ ಗಾಳಿ, ಎಲ್ಲದರ ಅಳತೆ ನನಗೆ ಬಾಯಿಪಾಠ. ನಾನು ಓದಿದ ಕಾನ್ವೆಂಟಿನಲ್ಲಿ ಕ್ಲಾಸಿನೊಳಗೆ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಸುಮ್ಮನಿರುವುದನ್ನು ಅಲ್ಲೇ ಕಲಿತೆನೋ, ಹುಟ್ಟಿನಿಂದಲೇ ಹೀಗೋ ಗೊತ್ತಿಲ್ಲ. ನೀನು ಈರುಳ್ಳಿ ಹೆಚ್ಚುತ್ತಾ ಅವರ ಜೊತೆ ಅಷ್ಟು ಹೊತ್ತು ಏನು ಹರಟುತ್ತೀ? ಒಳಕೋಣೆಯಿಂದ ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ. ವಿಷಯವೇ ಇರುವುದಿಲ್ಲ, ಆದರೂ ಮಾತು ಸಾಗುತ್ತಿರುತ್ತದೆ.

ಒಂದು ವಾರ ಓಡಿಸು, ಎರಡು ವಾರವಾದರೂ ಸರಿ. ಐವತ್ತೈದರಲ್ಲೇ ಹೋಗಬೇಕೆಂದಿಲ್ಲ. ಅವರು ಕೇಳದಿದ್ದರೂ ಎಸಿ ಹಾಕು. ಗಾಡಿ ಎಷ್ಟು ಕುಡಿಯುತ್ತದೋ ಕುಡಿಯಲಿ, ನಾನು ಕೇಳುವುದಿಲ್ಲ. ಧರ್ಮೇಶನಿಗೂ ಹೇಳಬೇಡ.

ಇನ್ನೊಂದೇ ವಿಷಯ. ಊರಿನ ರೈಲ್ವೆ ಗೇಟ್ ಹಾಕಿದ್ದರೆ ನಾನು ಎಂಜಿನ್ ಆರಿಸುತ್ತೇನೆ, ಸುಮ್ಮನೆ ಡೀಸೆಲ್ ಸುಡಬಾರದು ಎಂದು. ಆ ಗಡಗಡ ನಿಂತ ಕೂಡಲೇ ಅತ್ತೆ ಒಂದು ಕಥೆ ಶುರುಮಾಡುತ್ತಿದ್ದರು. "ನಿಮ್ ಮಾವ ಮದುವೆ ಆದ ಹೊಸದ್ರಲ್ಲಿ ನನ್ನ ಕೆಮ್ಮಣ್ಣುಗುಂಡಿಗೆ ಕರ್ಕೊಂಡ್ ಹೋಗಿದ್ರು. ಅಲ್ಲಿ ಮಂಜು ಬಂದ್ಬಿಡ್ತು. ಕೈ ತಪ್ಪೋಗಿ ನಾನೆಲ್ಲೋ, ಅವರೆಲ್ಲೋ. ಆಗ ನಾನೇನ್ ಮಾಡ್ದೆ ಅಂದ್ರೆ..." ಅಷ್ಟರಲ್ಲಿ ರೈಲು ಹೋಗಿ ಗೇಟ್ ಏಳುತ್ತಿತ್ತು, ನಾನು ಕೀಲಿ ತಿರುಗಿಸುತ್ತಿದ್ದೆ. ಮುಂದಿನದು ಎಂಜಿನ್ ಸದ್ದಿನಲ್ಲಿ ಹೋಗುತ್ತಿತ್ತು. ಎಷ್ಟು ಸಲ ಹೀಗಾಯಿತೋ. ಈಚೆಗೆ ಅವರು ಶುರುಮಾಡುವುದನ್ನೂ ಬಿಟ್ಟರು, ಬಿಟ್ಟದ್ದು ನನಗೆ ಗೊತ್ತೇ ಆಗಲಿಲ್ಲ.

ಆ ಮಂಜಿನಲ್ಲಿ ಅವರು ಏನು ಮಾಡಿದರು ಎಂಬುದು ನಿನಗೆ ಖಂಡಿತ ಗೊತ್ತಿರುತ್ತದೆ. ದಯವಿಟ್ಟು ನನಗೆ ಹೇಳಬೇಡ. ಮತ್ತೆ ಓಡಿಸಲು ಅವರು ನನ್ನನ್ನು ಒಪ್ಪಿದ ದಿನ, ಗೇಟ್ ಹಾಕುವುದನ್ನೇ ಕಾದು ನಾನೇ ಕೇಳುತ್ತೇನೆ. ಗೇಟ್ ಎದ್ದ ಮೇಲೂ ಕೀಲಿ ಮುಟ್ಟುವುದಿಲ್ಲ. ಹಿಂದಿನವರು ಹಾರನ್ ಹೊಡೆದುಕೊಳ್ಳಲಿ.

ಕೀಲಿ ದೇವರ ಮನೆಯ ಮೊಳೆಗೆ ತೂಗುಹಾಕಿರುತ್ತೇನೆ. ಹುಷಾರಾಗಿ ಬಾ, ಹುಷಾರಾಗಿ ಓಡಿಸು. ನಿನ್ನ ಮಾತಿಗೆ ಯಾವತ್ತೂ ಬರ ಬಾರದಿರಲಿ.

ನಿನ್ನ ಅಕ್ಕ,
ಸಂಗೀತಾ