ಕತ್ತಲೆ ಕೋಣೆಯ ಹನ್ನೊಂದು ಗಂಟೆ

ಶನಿವಾರ ಮಧ್ಯಾಹ್ನ,
ಲ್ಯಾಬಿನಲ್ಲಿ, ನಿನ್ನ ಮೇಜಿನ ಮೇಲೆ

ಪ್ರೀತಿಯ ಅಕ್ಕ,

ಏಳು ತಿಂಗಳಿಂದ ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಕತ್ತಲೆ ಕೋಣೆಯಲ್ಲಿ ನಾನು ಟಾರ್ಚ್ ಹಾಕುತ್ತಿದ್ದೆ. ನಿನ್ನ ಪಿಎಚ್‌ಡಿ ಪ್ರಬಂಧದ ಮೂರನೇ ಅಧ್ಯಾಯ ನಿಂತಿರುವುದು ಆ ಟಾರ್ಚಿನ ಮೇಲೆ. ನೀನು ಕಿತ್ತ ಜೀನಿನ ಮೇಲಲ್ಲ.

ಕೂತುಕೊಂಡು ಓದು. ಗುರುವಾರ ನೀನು ಪ್ರಬಂಧ ಒಪ್ಪಿಸಬೇಕು ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು, ಹೊಲಿಗೆ ಅಂಗಡಿ, ಔಷಧಿ ಅಂಗಡಿ, ಸೈಕಲ್ ಅಂಗಡಿ ಎಂದು ಎಲ್ಲೂ ಮೂರು ತಿಂಗಳು ಕಾಲೂರದ ನನ್ನನ್ನು ನೀನು ಇಲ್ಲಿ ಗಾಜು ತೊಳೆಯಲು ಸೇರಿಸಿದೆ. "ಬ್ರೆಡ್ಡಿಗೆ ಬೂಷ್ಟು ಬಂದ್ರೆ ನಾನು ಬಿಸಾಕ್ತೀನಿ. ನಮ್ಮನೆ ಹುಡುಗೀರು ಅದನ್ನೇ ಸಾಕೋಕೆ ಹೋಗ್ತಾರೆ" ಎಂದು ಅಮ್ಮ ಪಕ್ಕದ ಮನೆಯವರಿಗೆ ಹೇಳಿ ನಕ್ಕಿದ್ದಳು. ಮೊದಲ ದಿನವೇ ನಾನು ಅರ್ಧ ಗಂಟೆ ತಡ. ನಿನ್ನ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, "ಬೂಷ್ಟಿಗೂ ಟೈಮ್ ಗೊತ್ತಾಗುತ್ತಮ್ಮ, ನಿನ್ನ ತಂಗಿಗೆ ಗೊತ್ತಾಗಲ್ವಲ್ಲ" ಅಂದರು. ಬೈಗುಳ ಅಂದುಕೊಂಡೆ. ಅದು ಪಾಠ ಎಂದು ಆಮೇಲೆ ತಿಳಿಯಿತು.

ಅವತ್ತೇ ನೀನು ಬೂಷ್ಟನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಿದೆ. ಕೂದಲಿಗಿಂತ ಸಣ್ಣ ಎಳೆಗಳು, ಒಂದಕ್ಕೊಂದು ತಾಗಿದ ಕಡೆ ಬೆಸೆದುಕೊಂಡಿದ್ದವು. ಒಳಗೆ ಏನೋ ಹರಿಯುತ್ತಿತ್ತು, ಅವಸರವಿಲ್ಲದೆ. "ನ್ಯೂಕ್ಲಿಯಸ್ ಕಣೇ ಅವು. ಇದರ ಅಡ್ಡಗೋಡೆಗಳಲ್ಲೆಲ್ಲ ತೂತು. ಈ ಕೋಣೆಯಿಂದ ಆ ಕೋಣೆಗೆ ಹೋಗ್ತಾನೇ ಇರ್ತವೆ" ಅಂದೆ. "ನನ್ನ ಹಾಗೇ, ನಿಂತ ಕಡೆ ನಿಲ್ಲಲ್ಲ" ಅಂದೆ ನಾನು. ಆಮೇಲೆ ಮನೆಗೆ ಹೋಗುವಾಗ ಬೀದಿ, ಸೈಕಲ್ಲು, ಮೆಟ್ಟಿಲು ಹತ್ತುವ ಜನ, ಎಲ್ಲವೂ ಒಂದೇ ಉದ್ದನೆಯ ಎಳೆಯೊಳಗೆ ಹರಿಯುತ್ತಿದ್ದ ಹಾಗೆ ಕಂಡಿತು. ಮೂರು ತಿಂಗಳು ಕಳೆದರೂ ಈ ಕೆಲಸ ಬಿಡಬೇಕೆನಿಸಲಿಲ್ಲ.

ಮೊಳದುದ್ದದ ಗಾಜಿನ ಕೊಳವೆಯ ಒಂದು ತುದಿಯಲ್ಲಿ ಬಿತ್ತಿದರೆ ಬೂಷ್ಟು ದಿನಕ್ಕೆ ಎರಡು ಬೆರಳಗಲ ಮುಂದೆ ಸರಿಯುತ್ತದೆ, ತನ್ನೊಳಗಿನ ಗಡಿಯಾರದ ಸುತ್ತಿಗೊಮ್ಮೆ ಕಿತ್ತಳೆ ಬಣ್ಣದ ಬೀಜಕಣಗಳ ಪಟ್ಟಿ ಬಿಡುತ್ತದೆ. ಬೆಳಕೇ ಕಾಣದಿದ್ದರೂ ಇಪ್ಪತ್ತೆರಡು ಗಂಟೆಗೊಂದು ಪಟ್ಟಿ. ತನ್ನ ದಿನವನ್ನು ತಾನೇ ಎಣಿಸಿಕೊಳ್ಳುತ್ತದೆ. ಆ ಗಡಿಯಾರಕ್ಕೆ ಬೇಕಾದದ್ದು ಎಂದು ನೀನು ನಂಬಿದ ಒಂದು ಜೀನನ್ನು ಕಿತ್ತು, ಅಲ್ಲಿ ಬೇರೆ ಡಿಎನ್‌ಎ ತುಂಡು ಕೂರಿಸಲು ನಿನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಕೊನೆಗೆ ಜೀನಿಲ್ಲದ ತಳಿ ಸಿಕ್ಕಿದ ದಿನ, "ಇದನ್ನ ನೀನೇ ಬಿತ್ತೇ" ಎಂದು ಸೂಜಿಯನ್ನು ನನ್ನ ಕೈಗೆ ಕೊಟ್ಟೆ. ಆ ಆರು ಕೊಳವೆ ನನ್ನವು, ಮೇಲಿನ ಹಲಗೆಯಲ್ಲಿ. ಜೀನಿರುವ ಆರು ನಿನ್ನವು, ಕೆಳಗಿನ ಕಪಾಟಿನೊಳಗೆ.

ದಿನಾ ಹನ್ನೊಂದಕ್ಕೆ ಕತ್ತಲೆ ಕೋಣೆಗೆ ಹೋಗಿ, ಎಲ್ಲಿಯವರೆಗೆ ಬೆಳೆದಿದೆಯೋ ಅಲ್ಲಿ ಗಾಜಿನ ಮೇಲೆ ಗೆರೆ ಎಳೆಯುವುದು ನನ್ನ ಕೆಲಸ. ಕೆಂಪು ದೀಪ ಮಾತ್ರ. ಕೆಂಪು ಬೆಳಕು ಬೂಷ್ಟಿಗೆ ಕಾಣುವುದಿಲ್ಲ ಎಂದು ನೀನು ಹೇಳಿದ್ದೆ. ಆದರೆ ಅಕ್ಕ, ಆ ದೀಪದಲ್ಲಿ ಕಿತ್ತಳೆ ನನಗೂ ಕಾಣುವುದಿಲ್ಲ. ಎಲ್ಲ ಬೂದಿಯ ಹಾಗಿರುತ್ತದೆ. ನಾನು ಬಿತ್ತಿದ್ದರ ಬಣ್ಣ ನೋಡಬೇಕಿತ್ತು ನನಗೆ. ಒಂದು ನಿಮಿಷ ಟಾರ್ಚ್ ಹಾಕಿದೆ.

ಆ ನಿಮಿಷವನ್ನು ಹೇಗೆ ಬರೆಯಲಿ. ಕತ್ತಲೆಯಲ್ಲಿ ಇದ್ದಕ್ಕಿದ್ದ ಹಾಗೆ ಆರು ಸಣ್ಣ ಸಂಜೆಗಳು. ನನಗೆ ಹೊರಗಿನ ಹೊತ್ತು ಮರೆತೇ ಹೋಗುತ್ತಿತ್ತು. ಬಾಗಿಲು ತೆಗೆದು ಹೊರಗೆ ಬಂದರೆ ಕಾರಿಡಾರಿನ ಬಿಸಿಲು ಬೇರೆ ಯಾರದ್ದೋ ಅನಿಸುತ್ತಿತ್ತು. ಮರುದಿನ ಹನ್ನೊಂದಕ್ಕೆ ಮತ್ತೆ ಹಾಕಿದೆ. ಭಾನುವಾರವೂ ಬಂದು ಹಾಕಿದೆ. ನಿನ್ನ ಕಪಾಟು ತೆರೆದಾಗ ಮಾತ್ರ ಹಾಕಲಿಲ್ಲ, ಅವು ನನ್ನವಲ್ಲವಲ್ಲ.

ಹತ್ತು ದಿನಕ್ಕೆ ನನ್ನ ಕೊಳವೆಗಳ ಪಟ್ಟಿಗಳು ಇಪ್ಪತ್ತನಾಲ್ಕು ಗಂಟೆಗೊಂದರಂತೆ ಬಂದಿದ್ದವು. ಬಣ್ಣವೂ ಗಾಢ. ನೀನು ಅಳತೆಪಟ್ಟಿ ಹಿಡಿದು ಮೂರು ಸಲ ಅಳೆದೆ. "ಬುಗುರೀ, ಇದರ ದಿನಾನೇ ಉದ್ದ ಆಗಿದೆ ಕಣೇ!" ಎಂದು ನನ್ನ ಒದ್ದೆ ಕೈ ಹಿಡಿದು ಕುಣಿದೆ. ಎರಡನೇ ಸಲ ಮಾಡಿದಾಗಲೂ ಹಾಗೇ ಬಂತು. ಮೂರನೇ ಸಲವೂ ಹಾಗೇ ಬಂತು.

ನಿಮ್ಮ ವಾರದ ಸಭೆಗೆ ನಾನು ಲೋಟ ಜೋಡಿಸಲು ಬಂದಿದ್ದು ನೆನಪಿದೆಯೇ? "ಇಪ್ಪತ್ತನಾಲ್ಕು ಗಂಟೆನಾ? ಹಾಗಾದ್ರೆ ಇದನ್ನ ಆಫೀಸ್ ಕೆಲಸಕ್ಕೇ ಸೇರಿಸ್ಕೋಬಹುದು" ಎಂದು ಮೇಷ್ಟ್ರು ನಗಿಸಿದರು. ಆಮೇಲೆ ನಗು ನಿಲ್ಲಿಸಿ, "ಎಲ್ಲಾದ್ರೂ ಬೆಳಕು ಬೀಳ್ತಿಲ್ಲ ತಾನೇ? ದಿನಾ ಒಂದೇ ಹೊತ್ತಿಗೆ ಒಂದು ನಿಮಿಷ ಬಿದ್ರೂ ಸಾಕು, ಗಡಿಯಾರ ಅದಕ್ಕೇ ಹೊಂದ್ಕೊಂಡುಬಿಡುತ್ತೆ" ಅಂದರು. ಆಗ ತಿಳಿಯಿತು ನನಗೆ. ಬಾಯಿ ತೆರೆಯುವಷ್ಟರಲ್ಲಿ ನೀನು, "ಒಳಗೆ ಹೋಗೋದು ನನ್ನ ತಂಗಿ ಸಾರ್. ಅವಳಿಗೆ ಸುಳ್ಳು ಹೇಳೋಕೇ ಬರಲ್ಲ" ಅಂದೆ. ನಿಜ, ಬರುವುದಿಲ್ಲ. ನೀನು ಕೇಳಿದ್ದರೆ ಹೇಳಿಬಿಡುತ್ತಿದ್ದೆ. ನೀನು ಕೇಳಲೇ ಇಲ್ಲ. ನಾನು ಆ ಸಂದಿಯಲ್ಲಿ ಏಳು ತಿಂಗಳು ಅಡಗಿಕೊಂಡೆ.

ನೀನು ಡಿಎನ್‌ಎ ಓದಿಸಲು ಆ ದೊಡ್ಡ ಸಂಸ್ಥೆಗೆ ಹೋದ ಈ ಎರಡು ವಾರದಲ್ಲಿ ಎಲ್ಲವನ್ನೂ ಮತ್ತೆ ಬಿತ್ತಿದೆ. ಜೀನಿರುವವು ಆರು, ಇಲ್ಲದವು ಆರು, ಎಲ್ಲ ಒಂದೇ ಕಪಾಟಿನಲ್ಲಿ, ಕೆಂಪು ದೀಪ ಮಾತ್ರ. ಹನ್ನೆರಡೂ ಇಪ್ಪತ್ತೆರಡು ಗಂಟೆ. ಇನ್ನು ಮೂರನ್ನು, ಜೀನಿರುವವನ್ನೇ, ಬೇರೆ ಪೆಟ್ಟಿಗೆಯಲ್ಲಿಟ್ಟು ದಿನಾ ಹನ್ನೊಂದಕ್ಕೆ ಟಾರ್ಚ್ ಹಾಕಿದೆ. ಅವು ಇಪ್ಪತ್ತನಾಲ್ಕು, ಗಾಢ ಕಿತ್ತಳೆ. ಹದಿನೈದೂ ನಿನ್ನ ಮೇಜಿನ ಮೇಲಿವೆ. ಯಾರ ಮಾತನ್ನೂ ನಂಬಬೇಡ, ನೀನೇ ಅಳೆ. ನಿನ್ನ ಜೀನ್ ಇದ್ದರೂ ಇಲ್ಲದಿದ್ದರೂ ಅದರ ದಿನ ಒಂದೇ. ಅದು ಬೇರೇನು ಮಾಡುತ್ತದೋ ನನಗೆ ಗೊತ್ತಿಲ್ಲ. ಸಮಾಧಾನ ಹೇಳಬೇಕೆಂದು ಇಲ್ಲದ್ದನ್ನು ಹೇಳಲಾರೆ.

ಟಾರ್ಚ್ ಹಾಕಿದ ತಾರೀಕುಗಳನ್ನೆಲ್ಲ ಲ್ಯಾಬಿನ ಪುಸ್ತಕದಲ್ಲಿ ಪೆನ್ನಿನಲ್ಲಿ ಬರೆದು ಸಹಿ ಹಾಕಿದ್ದೇನೆ. ನಾನಿಲ್ಲಿದ್ದರೆ ನೀನು ಏನು ಮಾಡುತ್ತೀಯೆಂದು ಗೊತ್ತು. ಶಾಲೆ ಬಿಟ್ಟಾಗ ಹದಿನೈದು ದಿನ "ಅವಳಿಗೆ ಜ್ವರ" ಎಂದು ಅಮ್ಮನಿಗೆ ಸುಳ್ಳು ಹೇಳಿದವಳಲ್ಲವೇ ನೀನು? ಈ ಸಲ "ನನ್ನದೇ ತಪ್ಪು ಸಾರ್" ಎನ್ನುತ್ತೀ. ಬೇಡ. ನನ್ನ ಹೆಸರು ಹೇಳು. ಅಣಬೆ ಬೀಜಕ್ಕೆಂದು ಇಲ್ಲಿಗೆ ಬರುವ ಬೆಳೆಗಾರರು ತಮಗೆ ಕೈ ಶುದ್ಧವಾಗಿಟ್ಟುಕೊಂಡು ಕೆಲಸ ಮಾಡುವವರು ಬೇಕು ಅಂದಿದ್ದರು. ಅವರ ಶೆಡ್ಡಿಗೆ ಸೇರುತ್ತಿದ್ದೇನೆ. ನಾನು ಮಾಡಿದ್ದನ್ನು ಅವರಿಗೂ ಹೇಳಿದ್ದೇನೆ. "ನಮ್ಮ ಶೆಡ್ಡಲ್ಲಿ ದೀಪ ಹಾಕೇ ಇರುತ್ತಮ್ಮ, ಬಾ" ಅಂದರು. ಅಮ್ಮನಿಗೂ ಗೊತ್ತು. ಬೈದಳು, ಆಮೇಲೆ ಬಟ್ಟೆ ಮಡಿಸಿಕೊಟ್ಟಳು.

ಸಿಟ್ಟು ಬಂದರೆ ಬರಲಿ. ಆದರೆ ಊಟ ಬಿಡಬೇಡ.

ನಿನ್ನ,
ಬುಗುರಿ

ತಾ.ಕ.: ಬರೆದದ್ದನ್ನು ಓದಿ ನೋಡಿದೆ. ಸುಳ್ಳಿಲ್ಲ, ಆದರೆ ಒಂದು ಕಡೆ ಜಾರಿಕೊಂಡಿದ್ದೇನೆ. ಆ ಸಭೆ ನಡೆದದ್ದು ಮೂರನೇ ಸಲಕ್ಕಿಂತ ಮುಂಚೆ. ಮೂರನೇ ಸಲ ಟಾರ್ಚ್ ಹಾಕಿದಾಗ ನನಗೆ ಎಲ್ಲ ಗೊತ್ತಿತ್ತು. ನಿನ್ನ ಸಂತೋಷ ಕೆಡಬಾರದೆಂದು ಹಾಕಿದೆ ಎಂದು ಬರೆಯಲು ಹೊರಟಿದ್ದೆ, ಅದೂ ಪೂರ್ತಿ ನಿಜವಲ್ಲ. ಸಭೆಯ ಮರುದಿನ ನೀನು ಪ್ರಬಂಧದ ಕೃತಜ್ಞತೆಯ ಪುಟ ತೋರಿಸಿದ್ದೆ. "ಈ ತಳಿಯನ್ನು ಮೊದಲು ಬಿತ್ತಿದ ನನ್ನ ತಂಗಿಗೆ" ಎಂದಿತ್ತು. ಹಾಜರಿ ಪುಸ್ತಕ ಬಿಟ್ಟರೆ ನಾನು ಎಲ್ಲೂ ದಾಖಲಾದವಳಲ್ಲ. ಅದು ಉಳಿಯಲಿ ಎಂದು ಟಾರ್ಚ್ ಹಾಕಿದೆ. ಆ ಸಾಲನ್ನು ತೆಗೆದುಬಿಡು. ನಾಳೆ ಬೆಳಗಿನ ಏಳು ಗಂಟೆಯ ಬಸ್ಸಿಗೆ ಹೊರಡುತ್ತೇನೆ.